ರಾಗಿ ಕಣದಲ್ಲಿ ಭಾವನ ಗಾಲ್ಫ್

ಹಾಸನ ಜಿಲ್ಲೆಯಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಗಾಲ್ಫ್ ಆಡಿದ ಏಕೈಕ ಗಂಡಸು ನಮ್ಮ ಭಾವ! ಈ ದಾಖಲೆ ಮುರಿಯುವವರು ಇನ್ನು ಹುಟ್ಟಿಬರಬೇಕು. ಹುಟ್ಟಿಬಂದರೂ ಅವರಿಗೆ ನಮ್ಮಕ್ಕನಂಥ ಹೆಂಡತಿ ಸಿಗಬೇಕು, ಏಕೆಂದರೆ ಸಗಣಿ ಸಾರಿಸಿದವಳು ಅವಳು. ಈಗ ಇದನ್ನೆಲ್ಲ ನಗುನಗುತ್ತಾ ಬರೆಯುತ್ತಿದ್ದೇನೆ. ಸಂಕ್ರಾಂತಿಗೆ ಮುಂಚೆ ಬರೆಯಲು ಕೂತಿದ್ದರೆ ನಗು ಬರುತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಹಳೇಕೋಟೆಯಲ್ಲಿ. ಅಲ್ಲಿಂದ ದಿನಾ ಬೈಕಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ಅವರ ಕೆಲಸ. (ನಾನೂ ಚನ್ನರಾಯಪಟ್ಟಣದಲ್ಲಿ ಮಕ್ಕಳ ರಕ್ತ ಹೀರುವವಳೇ. ಆದರೆ ನನ್ನನ್ನು ಟೀಚರ್ ಎನ್ನುತ್ತಾರೆ.) ಭಾವ ಸೂಜಿ ಹಾಕಿದರೆ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ. ಸೊಳ್ಳೆಗಳು ಅವರ ಹತ್ತಿರ ಟ್ಯೂಷನ್‌ಗೆ ಬರಬೇಕು, ಹಾಗಿತ್ತು ಕೈ! ಮನುಷ್ಯರ ಮುಖ ಅವರಿಗೆ ನೆನಪಿರುವುದಿಲ್ಲ, ನರ ನೆನಪಿರುತ್ತದೆ. "ಯಾವ ಮೇಷ್ಟ್ರು? ಎಡಗೈಲಿ ನರ ಕಾಣ್ದೇ ಇರೋರಾ?" ಎಂದು ಕೇಳುತ್ತಾರೆ. ಇಪ್ಪತ್ನಾಲ್ಕು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗ ಅಕ್ಕ ಉಪ್ಪಿಟ್ಟಿನ ತಟ್ಟೆ ನೀಡಿದಳು. ಭಾವ ತಟ್ಟೆಯನ್ನೂ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಮೊಣಕೈ ನೋಡಿ "ಒಳ್ಳೆ ನರ" ಎಂದರು. ನಮ್ಮ ಕಡೆಯ ಹಿರಿಯರು ಅದನ್ನೇ ಒಪ್ಪಿಗೆ ಎಂದುಕೊಂಡು ಎಲೆ ಅಡಿಕೆ ಬದಲಾಯಿಸಿದರು.

ಇಂಥ ಭಾವನಿಗೆ ಹೋದ ಮಳೆಗಾಲದಲ್ಲಿ ಗ್ರಹಚಾರ ವಕ್ಕರಿಸಿತು. ಮೂರು ವರ್ಷದ ಹೆಣ್ಣು ಮಗು, ಜ್ವರ ಬಂದು ಕಡ್ಡಿಯಾಗಿದ್ದ ಕೈ. ಒಂದು ಸಲ ಚುಚ್ಚಿದರು, ನರ ಸಿಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಮಗು ಅಳುವುದನ್ನೂ ಬಿಟ್ಟು ಬಿಕ್ಕತೊಡಗಿತು. ಅದರ ತಾಯಿ ಸೂಜಿಯನ್ನೇ ನೋಡುತ್ತಾ ನಿಂತಿದ್ದವಳು, "ಬುಡಿ ಸಾ, ಬ್ಯಾರೆಯೋರ್‌ನ ಕರೀರಿ" ಎಂದಳಂತೆ. ಬೈದಿದ್ದರೂ ಪರವಾಗಿರಲಿಲ್ಲ! ಮಾರನೆಯ ದಿನದಿಂದ ಸೂಜಿ ಹಿಡಿದರೆ ಭಾವನ ಕೈ ನಡುಗಲು ಶುರುವಾಯಿತು. ಹಾಸನದಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದ್ದಾಯಿತು, ಏನೂ ತೊಂದರೆಯಿಲ್ಲ ಎಂದರು. ಆದರೂ ನಡುಕ ನಿಲ್ಲಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವ ಮೇಜಿಗೆ ಹೋಗಿ ಕೂತರು. "ಸಂಕ್ರಾಂತಿಗಂಟ ನೋಡ್ತೀನಿ. ಕೈ ನೆಟ್ಟಗಾಗ್ನಿಲ್ಲ ಅಂದ್ರೆ ಕೆಲ್ಸ ಬುಟ್ಬುಡ್ತೀನಿ" ಎಂದು ಮನೆಯಲ್ಲಿ ಘೋಷಿಸಿದರು. ಸೂಜಿ ಹಿಡಿಯದ ಭಾವ ಅಂದರೆ ಏನು ಉಳಿಯುತ್ತದೆ ಎಂದು ಯೋಚಿಸಿ ಅಕ್ಕ ಊಟ ಬಿಟ್ಟಳು.

ಗಾಲ್ಫ್ ಎಲ್ಲಿಂದ ಬಂತು ಎಂದಿರಾ? ಅರಕಲಗೂಡಿನಿಂದ. ಅಲ್ಲೊಬ್ಬರು ಮಿಲಿಟರಿಯಿಂದ ನಿವೃತ್ತರಾದ ಡಾಕ್ಟರು, ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಭಾವನ ಹತ್ತಿರವೇ ಬರುತ್ತಿದ್ದರು. ಭಾವ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತದ್ದನ್ನು ಕಂಡು ಕಾರಣ ಕೇಳಿದರು. ಕೇಳಿ ನಕ್ಕರು.

"ಇದು ಗಾಲ್ಫ್ ಆಡೋರಿಗೆಲ್ಲ ಬರೋ ಕಾಯಿಲೆ ಕಣಯ್ಯಾ. ಮೈಲಿಗಟ್ಟಲೆ ಹೊಡೀತಾರೆ. ಕೊನೇಲಿ ನಾಲ್ಕಡಿ ದೂರದ ಕುಳಿಗೆ ಚೆಂಡು ಮೆಲ್ಲಗೆ ತಳ್ಳಬೇಕು ನೋಡು, ಅಲ್ಲಿ ಕೈ ನಡುಗುತ್ತೆ. ಕೈ ಸರಿಯಾಗೇ ಇರುತ್ತೆ, ಮನಸ್ಸು ಅಡ್ಡ ಬರುತ್ತೆ. ನೀನು ಅದನ್ನ ಅಭ್ಯಾಸ ಮಾಡು."

ಹೀಗೆಂದು ಮುಂದಿನ ವಾರ ತಮ್ಮ ಹಳೆಯ ಕೋಲೊಂದನ್ನು, ಮೂರು ಬಿಳಿ ಚೆಂಡುಗಳನ್ನು ತಂದುಕೊಟ್ಟರು. ಆ ಕೋಲಿಗೆ ಪಟರ್ ಎನ್ನುತ್ತಾರಂತೆ. ಜೊತೆಗೆ ಮೂರು ಸೂತ್ರಗಳನ್ನೂ ದಯಪಾಲಿಸಿದರು. ಚೆಂಡಿನ ಮೈತುಂಬ ಇರುವ ಪುಟ್ಟ ಗುಳಿಗಳಲ್ಲಿ ಒಂದೇ ಒಂದನ್ನು ನೋಡು. ಉಸಿರು ಪೂರ್ತಿ ಬಿಟ್ಟಮೇಲೆ ತಳ್ಳು. ಚೆಂಡು ಕುಳಿಗೆ ಬಿದ್ದ ಸದ್ದು ಕೇಳುವವರೆಗೆ ತಲೆ ಎತ್ತಬೇಡ.

ಸರಿ, ಹಳೇಕೋಟೆಯಲ್ಲಿ ಗಾಲ್ಫ್ ಮೈದಾನಕ್ಕೆ ಎಲ್ಲಿಗೆ ಹೋಗುವುದು? ಮನೆಯ ಹಿಂದೆ ರಾಗಿ ಬಡಿಯುವ ಹಳೆಯ ಕಣವಿತ್ತು. ಮೆಷಿನ್ ಬಂದಮೇಲೆ ಅಲ್ಲಿ ನಾಯಿ ಬಿಟ್ಟರೆ ಯಾರೂ ಮಲಗುತ್ತಿರಲಿಲ್ಲ. ಭಾವ ಹುಲ್ಲು ಕೆತ್ತಿಸಿ, ನೀರು ಹೊಡೆದು, ಮೂಲೆಯಲ್ಲಿದ್ದ ಗುಂಡುಕಲ್ಲು ಉರುಳಿಸಿ ನೆಲ ಗಟ್ಟಿ ಮಾಡಿದರು. ಅಕ್ಕ ಸಗಣಿ ಬಗ್ಗಡ ಹಾಕಿ ಸಾರಿಸಿದಳು. ನಿಜ ಹೇಳುತ್ತೇನೆ, ಒಣಗಿದಮೇಲೆ ಆ ಕಣ ಕನ್ನಡಿಯಂತಿತ್ತು, ಚೆಂಡು ಸರಾಗವಾಗಿ ಉರುಳುತ್ತಿತ್ತು. ಕುಳಿ ತೋಡಿ ಅದರೊಳಗೆ ಮದುವೆಯಲ್ಲಿ ನಾವು ಕೊಟ್ಟ ಹಿತ್ತಾಳೆ ಚೊಂಬನ್ನು ಹೂತರು. "ಸದ್ದು ಕೇಳ್ಬೇಕಲ್ಲಾ" ಎಂಬ ಸಮಜಾಯಿಷಿ ಬೇರೆ! ದಿನಾ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಈ ಮಹಾಶಯರು ಕೋಲು ಹಿಡಿದು, ಬಗ್ಗಿ, ನೆಲವನ್ನೇ ದಿಟ್ಟಿಸುತ್ತಾ ನಿಲ್ಲುವುದು ಶುರುವಾಯಿತು.

ನಮ್ಮ ಕಡೆ ಒಬ್ಬ ಗಂಡಸು ಕೋಲು ಹಿಡಿದು ನೆಲ ನೋಡುತ್ತಾ ನಿಂತರೆ ಜನ ಏನೆಂದುಕೊಳ್ಳುತ್ತಾರೆ ಹೇಳಿ? ಬೋರ್‌ವೆಲ್‌ಗೆ ನೀರು ನೋಡುತ್ತಿದ್ದಾನೆ ಎಂದುಕೊಳ್ಳುತ್ತಾರೆ! ಸುದ್ದಿ ಬಾಯಿಂದ ಬಾಯಿಗೆ ಹೋಗಿ ಹಾಸನದಾಚೆಯ ದುದ್ದದವರೆಗೂ ತಲುಪಿತು. ಒಂದು ಭಾನುವಾರ ನಾನೂ ಅಲ್ಲಿದ್ದೆ. ದುದ್ದದಿಂದ ಒಬ್ಬ ರೈತ ಬೈಕಿನಲ್ಲಿ ಬಂದಿಳಿದು, ಚಪ್ಪಲಿ ಕಣದಾಚೆ ಬಿಟ್ಟು, ಭಕ್ತಿಯಿಂದ ಕೈ ಕಟ್ಟಿ ನಿಂತ.

"ಸಾ, ಪಾಯಿಂಟ್ ಮಾಡೋರು ನೀವೇ ಅಲ್ವುರಾ?"

ಭಾವ ತಲೆ ಎತ್ತಲಿಲ್ಲ. ಮೂರನೆಯ ಸೂತ್ರ! "ಸುಮ್ಕಿರಪ್ಪಾ, ಇನ್ನೂ ಬಿದ್ದಿಲ್ಲ" ಎಂದರು.

"ಎಷ್ಟಡೀಗೆ ಬೀಳ್ತದೆ ಸಾ?"

"ನಾಕಡಿ."

"ನಾಕಡೀಗಾ!" ಆತ ಕೂಗಿದ ರಭಸಕ್ಕೆ ನಾಯಿ ಎದ್ದು ಓಡಿತು. "ನಮ್ ತ್ವಾಟ್ದಲ್ಲಿ ಎಂಟ್ನೂರಡಿ ಕೊರುಸುದ್ರೂ ಬರೀ ದೂಳು ಕಣ್ ಸಾ! ಬಂದ್ಬುಡಿ, ಈಗ್ಲೇ ಓಗವ. ಆ ಕಬ್ಬುಣದ್ ಕೋಲೂ ತಗಳಿ!"

ಭಾವ ಕಾಲು ಗಂಟೆ ಕೂರಿಸಿಕೊಂಡು ಗಾಲ್ಫ್ ಎಂದರೇನೆಂದು ವಿವರಿಸಿದರು. ಆತ ಎಲ್ಲವನ್ನೂ ಕೇಳಿ, ಎರಡು ತೆಂಗಿನಕಾಯಿ ಜಗಲಿಯ ಮೇಲಿಟ್ಟು, "ಗುಟ್ಟು ಬುಟ್ಕೊಡಾಕಿಲ್ಲ ಅನ್ನಿ" ಎಂದು ಬೇಜಾರಿನಲ್ಲಿ ಹೊರಟುಹೋದ.

ಇಷ್ಟಾದರೂ ಚೆಂಡು ಮಾತ್ರ ಚೊಂಬಿನ ಬಾಯಿಯವರೆಗೆ ಹೋಗಿ ಪಕ್ಕಕ್ಕೆ ತಿರುಗುತ್ತಿತ್ತು. ಅಂದು ಸಂಜೆ ಭಾವ ನನಗೆ ಕೆಲಸ ಹಚ್ಚಿದರು. "ಗಲಾಟೆ ಮಾಡಮ್ಮಿ. ಗಲಾಟೇಲೂ ಮನ್ಸು ನಿಲ್ಬೇಕು. ನೀನು ಎಂಟ್ನೇ ಕ್ಲಾಸ್‌ಗೆ ಪಾಠ ಮಾಡೋಳಲ್ವಾ, ನಿಂಗೆ ಗೊತ್ತಿರ್ತದೆ." ಗೊತ್ತಿಲ್ಲದೆ ಏನು! ನಾನು ಹದಿನೇಳರ ಮಗ್ಗಿಯನ್ನು ಕಿರುಚಿದೆ. ಅಕ್ಕ ಖಾಲಿ ಮಿಕ್ಸಿ ತಿರುಗಿಸಿದಳು. ಹಸು ತನ್ನ ಪಾಲಿನದನ್ನು ಸೇರಿಸಿತು. ಟಣ್, ಟಣ್, ಟಣ್! ಹತ್ತರಲ್ಲಿ ಒಂಬತ್ತು ಚೊಂಬಿಗೆ ಬಿದ್ದವು! ಸಂಭ್ರಮದಲ್ಲಿ ಅಕ್ಕಪಕ್ಕದ ಮನೆಯವರನ್ನೂ ಕರೆದು ಜಗಲಿಯ ಮೇಲೆ ಸಾಲಾಗಿ ಕೂರಿಸಿದೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಾ ಕೂತೆವು. ಒಂದೂ ಬೀಳಲಿಲ್ಲ.

ಭಾವ ಕೋಲು ಕೆಳಗಿಟ್ಟು ಮುಖದ ಬೆವರೊರೆಸಿಕೊಂಡರು. "ನಂಗೆ ಸದ್ದಲ್ಲ ಕಣಮ್ಮಿ, ಕಣ್ಣು" ಎಂದರು.

ಆ ಮಗುವಿನ ತಾಯಿ ನೋಡಿದ ನೋಟ ಅವರನ್ನು ಬಿಟ್ಟಿರಲಿಲ್ಲ. ರಕ್ತ ಕೊಡಲು ಬರುವವರಿಗೆಲ್ಲ ಕಣ್ಣು ಮುಚ್ಚಿಕೊಳ್ಳಿ ಎನ್ನಲಾಗುತ್ತದೆಯೇ? ಭಾವ ಬಿಡುವವರೇ! ಊರ ತುದಿಯಲ್ಲಿ ಕಟ್ಟುತ್ತಿದ್ದ ಹೊಸ ಮನೆಯಿಂದ ದೃಷ್ಟಿಬೊಂಬೆ ಎರವಲು ತಂದರು. ಕೆಂಪು ನಾಲಗೆ, ಕೋರೆಮೀಸೆ, ತಟ್ಟೆಯಷ್ಟಗಲ ಕಣ್ಣು. ಅದನ್ನು ಚೊಂಬಿನ ಹಿಂದೆ ಗೂಟಕ್ಕೆ ಕಟ್ಟಿ, ಅದರ ಎದುರಿಗೆ ನಿಂತು ಆಡತೊಡಗಿದರು. ಅಕ್ಕ ಹಣೆ ಚಚ್ಚಿಕೊಂಡಳು. "ದೃಷ್ಟಿ ಬೀಳ್ದೇ ಇರ್ಲಿ ಅಂತ ಜನ ಬೊಂಬೆ ಕಟ್ತಾರೆ. ದೃಷ್ಟಿ ಬೀಳ್ಲಿ ಅಂತ ಕಟ್ಟಿದೋರು ನೀವೊಬ್ರೇಯ!"

ನಗಬೇಡಿ, ಬೊಂಬೆ ಕೆಲಸ ಮಾಡಿತು. ಒಂದು ತಿಂಗಳಲ್ಲಿ ನಾವೆಲ್ಲ ಸುತ್ತ ನಿಂತು ಗುರಾಯಿಸಿದರೂ ಹತ್ತಕ್ಕೆ ಎಂಟು ಬೀಳತೊಡಗಿದವು. ಸಂಕ್ರಾಂತಿಗೆ ಹತ್ತು ದಿನವಿತ್ತು. ಇನ್ನೇನು ಗೆದ್ದೆವೆಂದು ನಾನೇ ತೋಳು ಮಡಚಿ ಮುಂದೆ ಕೂತೆ. ಭಾವ ಸೂಜಿ ತೆಗೆದರು, ಪಟ್ಟಿ ಬಿಗಿದರು, ಉಸಿರು ಬಿಟ್ಟರು. ಸೂಜಿಯ ತುದಿ ಗಡಗಡ ನಡುಗಿತು. ನಾನು ಏನೋ ತಮಾಷೆ ಮಾಡಹೋದೆ. ಅವರ ಮುಖ ನೋಡಿ ನಿಲ್ಲಿಸಿದೆ.

"ಚೆಂಡ್‌ಗೆ ನೋವಾಗಾಕಿಲ್ಲ ಕಣಮ್ಮಿ" ಎಂದರು, ಅಷ್ಟೇ. ಪಟರ್ ಅನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು. ಕೆಲಸ ಬಿಡುವ ಪತ್ರವನ್ನೂ ಬರೆದಿಟ್ಟರು. ಅದರಲ್ಲಿ ತಪ್ಪಿದ್ದರೆ ತಿದ್ದು ಎಂದು ನನಗೇ ಕೊಟ್ಟರು. ನಾನು ತಪ್ಪಿಲ್ಲದ ಕಡೆಯಲ್ಲೆಲ್ಲ ತಪ್ಪು ಹುಡುಕುತ್ತಾ ನಾಲ್ಕು ದಿನ ಹಿಂದಿರುಗಿಸಲಿಲ್ಲ.

ಆ ನಾಲ್ಕು ದಿನದಲ್ಲೇ ನಮ್ಮ ಅವ್ವನಿಗೆ ಜ್ವರ ಬಂತು. ಅವ್ವ ನನ್ನ ಜೊತೆ ಚನ್ನರಾಯಪಟ್ಟಣದಲ್ಲಿರುತ್ತಾಳೆ. ಜ್ವರ ಇಳಿಯದೆ ಹಾಸನದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಅಕ್ಕ ಭಾವ ಓಡಿಬಂದರು. ಡೆಂಗೆಯೋ ಏನೋ, ರಕ್ತ ನೋಡದೆ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಆದರೆ ಅವ್ವನ ನರ ಸಿಗಬೇಕಲ್ಲ! ಇಬ್ಬರು ನರ್ಸ್‌ಗಳು ನಾಲ್ಕು ಸಲ ಪ್ರಯತ್ನಿಸಿದರು. ಅವರ ತಪ್ಪಲ್ಲ, ಅವ್ವನ ನರಗಳು ದಾರದಂಥವು. ಎರಡೂ ತೋಳು ನೀಲಿಗಟ್ಟಿದವು. ಕೊನೆಗೆ ಬಂದ ನರ್ಸ್ ಹೊಳೆನರಸೀಪುರದಲ್ಲಿ ಭಾವನ ಕೈಕೆಳಗೆ ಕಲಿತವಳು. ಬಾಗಿಲಲ್ಲಿದ್ದ ಭಾವನನ್ನು ಕಂಡು, "ಸಾರ್, ನೀವಿದ್ದೂ ನಾವು ಚುಚ್ಚೋದಾ? ನೀವೇ ತಗೊಳ್ಳಿ" ಎಂದಳು. ಭಾವ ಒಂದು ಹೆಜ್ಜೆ ಹಿಂದೆ ಸರಿದರು.

ಅತ್ತೆ ಅಳಿಯನ ಮುಂದೆ ನಿಲ್ಲಬಾರದು, ಮಾತಾಡಬಾರದು ಎಂಬ ನಮ್ಮ ಮನೆಯ ಹಳೆಯ ಪದ್ಧತಿಯನ್ನು ಅವ್ವ ಒಂದು ದಿನವೂ ಮುರಿದವಳಲ್ಲ. ಭಾವ ಬಂದರೆ ಸೆರಗು ಮುಖದವರೆಗೆ ಇಳಿಯುತ್ತಿತ್ತು, ಮಾತೆಲ್ಲ ನಮ್ಮ ಮೂಲಕ. ಮನೆಯಲ್ಲಿ ಮೂರನೆಯವರಿಲ್ಲದ ದಿನ ಬಾಗಿಲಿಗೆ ಹೇಳುತ್ತಿದ್ದಳು, "ಊಟುಕ್ಕೆ ಏಳ್ಬೇಕಂತೆ" ಎಂದು! ಆವತ್ತೂ ಸೆರಗಿನೊಳಗೆ ಮುಖವಿಟ್ಟು ಗೋಡೆ ಕಡೆ ತಿರುಗಿದ್ದಳು. ನನಗೆ ಒಳಗೊಳಗೇ ಆಸೆ ಹುಟ್ಟಿತು. ಅವ್ವ ನೋಡುವುದಿಲ್ಲವಲ್ಲ, ಭಾವನ ಕೈ ನಿಂತರೂ ನಿಂತೀತು!

"ಅವ್ರಿಗೇಳವ್ವಾ" ಎಂದು ಅವ್ವ ಶುರುಮಾಡಿ ಸುಮ್ಮನಾದಳು. ಆಮೇಲೆ ಈ ಕಡೆ ತಿರುಗಿದಳು. ಸೆರಗನ್ನು ತಲೆಯಿಂದ ಪೂರ್ತಿ ಹಿಂದಕ್ಕೆ ಸರಿಸಿ, ನೀಲಿಗಟ್ಟಿದ ತೋಳನ್ನು ಚಾಚಿ, ಭಾವನ ಮುಖವನ್ನೇ ನೋಡಿದಳು.

"ಬಾಪ್ಪಾ, ನೀನೇ ತಗಾ."

ಅಯ್ಯೋ, ನೋಡಬೇಡ ಅವ್ವಾ, ಆ ಕಡೆ ತಿರುಗು ಎಂದು ಕೂಗಬೇಕೆನಿಸಿತು. ಅಕ್ಕ ನನ್ನ ಕೈ ಹಿಸುಕಿದಳು. ಭಾವ ಮಂಚದ ಪಕ್ಕ ಕೂತು, ಅವ್ವನ ಅಂಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಬಹಳ ಹೊತ್ತು ತಡವಿದರು. ಮುಂಗೈಯ ಪಕ್ಕದಲ್ಲಿ ಒಂದು ಕಡೆ ಬೆರಳು ನಿಂತಿತು. ಉಸಿರು ಬಿಟ್ಟರು. ಸೂಜಿ ಇಳಿಯಿತು, ಕೊಳವೆಗೆ ಕೆಂಪು ಬಂತು. ಒಂದೇ ಸಲ!

"ಆಯ್ತಾಪ್ಪಾ?"

"ಆಯ್ತು ಅತ್ತೆ."

ಇಪ್ಪತ್ನಾಲ್ಕು ವರ್ಷದಲ್ಲಿ ಅವರಿಬ್ಬರು ಎದುರುಬದುರಾಗಿ ಆಡಿದ ಮೊದಲ ಮಾತು ಅದು. ಅಕ್ಕ ವರಾಂಡಕ್ಕೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು. ಸಂಜೆ ರಿಪೋರ್ಟ್ ಬಂತು. ಡೆಂಗೆಯೂ ಇಲ್ಲ, ಗಿಂಗೆಯೂ ಇಲ್ಲ, ಮಾಮೂಲಿ ಜ್ವರ. ನನ್ನ ಜೀವಕ್ಕೆ ಅಂಥ ನೆಮ್ಮದಿ ಯಾವತ್ತೂ ಆಗಿರಲಿಲ್ಲ.

ಮೂರನೆಯ ದಿನ ಅವ್ವನನ್ನು ಕಾರಿನಲ್ಲಿ ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೊರಟೆವು. ಭಾವ ಡ್ರೈವರ್ ಪಕ್ಕ ಕೂತಿದ್ದರು. ಹಿಂದೆ ನನ್ನ, ಅಕ್ಕನ ನಡುವೆ ಅವ್ವ, ಸೆರಗು ಮತ್ತೆ ಮುಖದವರೆಗೆ. ನನಗೆ ತಡೆಯಲಾಗಲಿಲ್ಲ. "ಅಲ್ಲಾ ಭಾವ, ಅವ್ವ ನೆಟ್ಟ ಕಣ್ಣಲ್ಲಿ ನೋಡ್ತಿದ್ಲು, ನಿಮ್ ಕೈ ಯಾಕೆ ನಡುಗ್ನಿಲ್ಲ?" ಎಂದೆ.

ಭಾವ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಎಲ್ರೂ ಸೂಜಿ ನೋಡೋರು ಕಣಮ್ಮಿ. ಅವ್ರು ನನ್ ಮುಕ ನೋಡುದ್ರು."

ಸ್ವಲ್ಪ ದೂರ ಹೋದಮೇಲೆ ಸೆರಗಿನೊಳಗಿಂದ ಅವ್ವ ನನಗೆ ಹೇಳಿದಳು, "ನಾಳಿಂದ ಕೆಲ್ಸುಕ್ಕೆ ಓಗೋಕೇಳು ಅವ್ರಿಗೆ."

ಹೇಳಬೇಕಾದವಳು ನಾನು. ನಾನು ಬಾಯಿ ತೆರೆಯುವ ಮೊದಲೇ ಭಾವ ಹಿಂದೆ ತಿರುಗದೆ, "ಓಯ್ತೀನಿ ಅತ್ತೆ" ಎಂದರು.