ತಿರುಗಲೊಲ್ಲದ ಅಂಗೈ

ಎಲುಬು ಮುರದಾಗ ನಗು ಬರೂದಿಲ್ಲ. ಆದ್ರ ಎಲುಬು ಮುರದವರ ಮನಿ ಹುಡುಕ್ಕೊಂಡು ನಗೂವಂಥಾವು ಒಂದರ ಹಿಂದ ಒಂದು ಬರ್ತಾವ, ಬಾಗಲಾ ಹಾಕಿದ್ರೂ ನಿಲ್ಲೂದಿಲ್ಲ. ನಾ ಗದಗಿನಾಕಿ. ಲಗ್ನಾಗಿ ನಾಗಪುರಕ್ಕ ಬಂದು ಇಪ್ಪತ್ತೆಂಟು ವರ್ಷಾತು. ನಮ್ಮನಿಯವರು ಸರಕಾರಿ ಕಾರ್ಖಾನಿಯಾಗ ಇದ್ದಾರ, ಪ್ರತಾಪ ನಗರದಾಗ ಮನಿ. ಇಷ್ಟು ವರ್ಷದಾಗ ನನ್ನ ಬಲಗೈ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಮುರದ ಮ್ಯಾಲ ಮೂರು ತಿಂಗಳು ಬರೇ ಅದರದ ಮಾತು. ನನ್ನ ಬಗ್ಗೆ ಅಲ್ಲ ಮತ್ತ, ಕೈ ಬಗ್ಗೆ.

ಚೀಲ

ನಾಗಪುರ ಅಂದಮ್ಯಾಲ ಕಿತ್ತಳಿ ಸಿಪ್ಪಿ ಮ್ಯಾಲ ಜಾರಿದ್ರ್ಯಾ ಅಂತ ಊರ ಕಡಿಯವರು ಫೋನಿನಾಗ ಕೇಳಿ ನಕ್ಕರು. ಅಲ್ಲ. ನಾ ಬಿದ್ದದ್ದು ನಮ್ಮ ಮನಿ ಜ್ವಾಳದ ಚೀಲಕ್ಕ ಎಡವಿ. ಗಾಂಧಿಬಾಗ್ ಕಡೆ ಹೋದಾಗ ಚಲೋ ಜ್ವಾಳ ಸಿಕ್ತು ಅಂತ ನಮ್ಮನಿಯವರು ಒಂದು ಚೀಲ ಹೊರಿಸ್ಕೊಂಡು ಬಂದು ಅಡಗಿಮನಿ ಬಾಗಲದಾಗ ಇಳಿಸಿದ್ರು. ಸರಸ್ರಿ, ಹೋಗಿ ಬರೂ ದಾರಿ ಅಂತ ಎರಡು ದಿವಸ ಹೇಳಿದೆ. ನಾಳೆ ಸರಸ್ತೀನಿ ಅಂದ್ರು. ಮೂರನೇ ದಿವಸ ಕಾಲು ಸಿಕ್ಕು ಬಿದ್ದೆ, ಕೈ ಊರಿದೆ, ಒಳಗ ಲಟಕ್ ಅಂತು.

ಸಪ್ಪಳಾ ಕೇಳಿ ಅವರು ಓಡಿ ಬಂದ್ರು. ನಾ ನೆಲದ ಮ್ಯಾಲ ಇದ್ದೆ, ಮಣಿಕಟ್ಟು ಚಮಚದಂಗ ಸೊಟ್ಟಾಗಿತ್ತು. ಅವರು ಮೊದಲ ಬಗ್ಗಿ ನೋಡಿದ್ದು ಚೀಲ. "ಹರದಿಲ್ಲ ಬಿಡು," ಅಂದ್ರು.

ಡಾಕ್ಟರ ಪ್ರಶ್ನಿ

ಮಣಿಕಟ್ಟಿನಾಗ ಪ್ಲೇಟ್ ಕುಂದ್ರಿಸಿ ಸ್ಕ್ರೂ ಹಾಕಬೇಕು ಅಂದ್ರು ಡಾಕ್ಟರು. ಕಾಗದ ತುಂಬಕೋತ, ಇವರು ಬರಿಯೂದು ಬಲಗೈಲೇನ ಏನು ಅಂತ ಹಿಂದಿಯಾಗ ಕೇಳಿದ್ರು. ನಾ ಬಾಯಿ ತಗಿಯೂದರಾಗ ನಮ್ಮನಿಯವರು ಉತ್ತರಾ ಕೊಟ್ಟರು: ಇಲ್ರಿ ಸಾಹೇಬ್ರ, ಆಕಿ ಬರಿಯೂದೇನಿಲ್ಲ, ರೊಟ್ಟಿ ಬಡೀತಾಳ.

ಇಪ್ಪತ್ತೆಂಟು ವರ್ಷದ ಕಿರಾಣಿ ಪಟ್ಟಿ, ಮಗಳ ಶಾಲಿ ಅರ್ಜಿ, ಇವರ ರಜಾ ಚೀಟಿ ಸುದ್ಧಾ ಬರದದ್ದು ಈ ಕೈ. ಸಹಿ ಅಷ್ಟ ಅವರದು. ಮೈ ಉರೀತು, ಆದ್ರ ಸಲೈನ್ ಹಚ್ಚಿಸ್ಕೊಂಡು ಮಲಗಿದಾಕಿ ಏನು ಜಗಳಾ ಆಡ್ಲಿ?

ಆಪರೇಶನ್ ಮುಗದ ಮ್ಯಾಲ ಡಾಕ್ಟರು ಒಂದು ಮಾತು ಬಿಡಿಸಿ ಹೇಳಿದ್ರು. ಅಂಗೈ ಕೆಳಮುಖ ಆಗೂದು ಜಲ್ದಿ ಬರ್ತೈತಿ, ಮ್ಯಾಲ್ಮುಖ ಆಗೂದು ತ್ರಾಸಿನ ಕೆಲಸ. ಮೂರು ತಿಂಗಳದಾಗ ತಿರುಗಲಿಲ್ಲಂದ್ರ ಕಾಯಂ ಹಂಗ ಉಳದ್ರೂ ಉಳೀಬಹುದು. ಅಂಗೈ ಮ್ಯಾಲಾಗದಿದ್ರ ಎರಡೂ ಕೈ ಕೂಡಿಸಿ ಮುಖಕ್ಕ ನೀರು ಗೊಜ್ಜಿಕೊಳ್ಳಿಕ್ಕೆ ಬರೂದಿಲ್ಲ, ಗುಡಿಯಾಗ ತೀರ್ಥ ಹಿಡೀಲಿಕ್ಕೆ ಬರೂದಿಲ್ಲ. ಮನಿಗೆ ಬಂದು ಬಚ್ಚಲದಾಗ ನಿಂತು ಅತ್ತೆ, ಸುಳ್ಳ್ಯಾಕ ಹೇಳ್ಲಿ. ನಮ್ಮನಿಯವರು ಮಾತ್ರ ಆವತ್ತು ಡಾಕ್ಟರಿಗೆ ಕೇಳಿದ್ದು ಒಂದ ಮಾತು: ರೊಟ್ಟಿ ಬಡೀಲಿಕ್ಕೆ ಅಂಗೈ ಕೆಳಗಾದ್ರ ಸಾಕಲ್ರಿ?

ಸೇವಾ

ವೈನಿ ಕೈ ಮುರಕೊಂಡಾರ ಅಂತ ನಾದಿನಿ ಹುಬ್ಬಳ್ಳಿಯಿಂದ ಸೇವಾ ಮಾಡ್ಲಿಕ್ಕೆ ಬಂದ್ಲು. ನೀವು ಕುಂತಲ್ಲಿಂದ ಏಳಬ್ಯಾಡ್ರಿ, ಎಲ್ಲಾ ನನಗ ಬಿಡ್ರಿ ಅಂದ್ಲು. ಬಿಟ್ಟೆ. ಐದು ನಿಮಿಷಕ್ಕ ಅಡಗಿಮನಿಯಿಂದ ಕರದ್ಲು, ಸಕ್ರಿ ಎಲ್ಲೈತಿ ಅಂತ. ಎದ್ದು ಹೋಗಿ ತೋರಿಸಿ ಬಂದು ಕುಂತೆ. ಚಹಾಪುಡಿ ಎಲ್ಲೈತಿ ಅಂದ್ಲು. ಮತ್ತ ಎದ್ದೆ. ಸೋಸೂದು ಎಲ್ಲೈತಿ ಅನ್ನೂ ಹೊತ್ತಿಗೆ ಆಕಿ ಕುರ್ಚಿ ಎಳಕೊಂಡು ಕುಂತಿದ್ಲು, ನಾ ಎಡಗೈಲೆ ಚಹಾ ಸೋಸಿ ಆಕಿ ಮುಂದ ಇಟ್ಟೆ. ಎಂಟು ದಿವಸ ಹಿಂಗ ಸೇವಾ ನಡೀತು.

ಹೊರಡೂ ದಿವಸ ನನ್ನ ಬಾಯಿ ಮುಂದ ಚಮಚ ಹಿಡಕೊಂಡು ಅಣ್ಣನ ಕಡಿಂದ ಒಂದು ಫೋಟೋ ತಗಿಸಿ ಮನಿತನದ ಗ್ರೂಪಿಗೆ ಹಾಕಿದ್ಲು. ಸಂಜೀತನಕ ಫೋನೋ ಫೋನು. ಇಂಥಾ ನಾದಿನಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು ಅಂದ್ರು. ಹೌದ್ರಿ ಅಂದೆ. ಆ ಫೋಟೋ ದೊಡ್ಡದು ಮಾಡಿ ನೋಡಿದಾಕಿ ನಾ ಒಬ್ಬಾಕಿನ. ಚಮಚ ಖಾಲಿ ಇತ್ತು.

ವಾಣ

ಸಂಕ್ರಾಂತಿಗೆ ಇಲ್ಲಿಯ ಮರಾಠಿ ಮನಿಯವರು ಹೆಂಗಸರನ್ನ ಹಳದಿ-ಕುಂಕುಕ್ಕ ಕರೀತಾರ. ಹೋದವರಿಗೆ ಎಳ್ಳುಂಡಿ ಕೊಟ್ಟು, ಮ್ಯಾಲೊಂದು ಮನಿ ಬಳಕಿ ಸಾಮಾನು ಕೊಡ್ತಾರ. ಅದಕ್ಕ ವಾಣ ಅಂತಾರ. ಎದುರುಮನಿ ಕಾಕೂ ಕರದ್ರು, ಕೈಗೆ ಪಟ್ಟಿ ಕಟ್ಕೊಂಡ ಹೋದೆ.

ಕಾಕೂ ನನಗ ಕುಂಕುಮ ಹಚ್ಚಿದ್ರು. ತಿರುಗಿ ನಾ ಅವರಿಗೆ ಹಚ್ಚಬೇಕು. ಬಲಗೈ ಏಳಲಿಲ್ಲ, ಎಡಗೈ ಚಾಚಿದೆ. ಕೂಡಿದ ಹತ್ತು ಹೆಂಗಸರೂ ಒಮ್ಮಿಗೆ ನನ್ನ ಎಡಗೈ ನೋಡಿದ್ರು. ಎಡಗೈಲೆ ನಕೋ, ಬ್ಯಾಡ ಅಂತ ಕಾಕೂ ನನ್ನ ಬಲಗೈನ್ನ ಪಟ್ಟಿ ಸಮೇತ ಹಿಡದು, ಬಟ್ಟು ಕುಂಕುಮದಾಗ ಅದ್ದಿ, ತಮ್ಮ ಹಣಿಗೆ ತಾವ ಒತ್ತಿಕೊಂಡ್ರು. ಜೀವ ಹೋದಂಗಾಗಿ ಕಣ್ಣಾಗ ನೀರು ಬಂತು. ಅದನ್ನ ಭಕ್ತಿ ಅಂತ ತಿಳದು ಉಳದ ಹತ್ತೂ ಮಂದಿ ಹಚ್ಚಿಸ್ಕೊಳ್ಳಿಕ್ಕೆ ಪಾಳೆ ಹಚ್ಚಿದ್ರು.

ಕಡೀಕ ವಾಣ ಕೊಟ್ಟರು. ಅಂಗೈ ತಿರುಗೂದಿಲ್ಲಲ್ಲ, ಸೆರಗು ಒಡ್ಡಿದೆ. ಧಪ್ ಅಂತ ಬಿತ್ತು. ತಗದು ನೋಡಿದ್ರ ಲಟ್ಟಣಿಗಿ. ಮನಿಗೆ ತಂದೆ. ನಮ್ಮನಿಯವರು ಅದನ್ನ ತಿರುವ್ಯಾಡಿ ನೋಡಿ, ಈ ಮರಾಠಿ ಮಂದಿ ಭಾಳ ತಿಳದವರು ಅಂದ್ರು.

ಅಂಗೈ

ವ್ಯಾಯಾಮಾ ಮಾಡಸ್ಲಿಕ್ಕೆ ಒಬ್ಬ ಹುಡುಗಿ ವಾರಕ್ಕ ಎರಡು ಸಲ ಮನಿಗೆ ಬರ್ತಿದ್ಲು. ಮೊದಲ ದಿವಸ ಹಿಚುಕಲಿಕ್ಕೆ ಅಂತ ಮೆತ್ತನ್ನ ರಬ್ಬರಿನಂಥಾ ಮುದ್ದಿ ಕೊಟ್ಲು. ನಮ್ಮನಿಯವರು ಅದನ್ನ ಮೂಸಿ ನೋಡಿ, ಇದ್ಯಾಕ ಬೇಕು, ಜ್ವಾಳದ ಹಿಟ್ಟು ನಾದಿದ್ರ ವ್ಯಾಯಾಮಾನೂ ಆತು, ಊಟಾನೂ ಆತು ಅಂದ್ರು. ಆ ಹುಡುಗಿ ಅವರ ಕಡೆ ತಿರುಗಿ ಸುದ್ಧಾ ನೋಡಲಿಲ್ಲ. ಆವತ್ತಿನಿಂದ ಆಕಿ ಮ್ಯಾಲ ನನಗ ಜೀವ.

ಸಂಕ್ರಾಂತಿ ಆದ ಮ್ಯಾಲ ಆಕಿ ಸುತಗಿ ಐತೇನು ಆಂಟಿ ಅಂದ್ಲು. ಸುತಗಿ ಇರಲಿಲ್ಲ, ಲಟ್ಟಣಿಗಿ ಇತ್ತು. ಮೊಳಕೈ ನಡಕ್ಕ ಒತ್ತಿ, ಲಟ್ಟಣಿಗಿ ಒಂದು ತುದಿ ಹಿಡದು, ಅಂಗೈ ಹೊರಳಿಸ್ಬೇಕು. ದಿವಸಕ್ಕ ಮೂರು ಸಲ ಹಲ್ಲು ಕಚ್ಚಿ ಹೊರಳಿಸಿದೆ. ನನ್ನ ಕೈಯಾಗ ಲಟ್ಟಣಿಗಿ ಕಂಡಾಗೊಮ್ಮೆ ನಮ್ಮನಿಯವರ ಮುಖ ಅರಳೂದು. ಎರಡು ತಿಂಗಳಾದ್ರೂ ಅಂಗೈ ಅರ್ಧಕ್ಕ ಬಂದು ಗ್ವಾಡಿ ನೋಡಕೋತ ನಿಲ್ತಿತ್ತು. ಮ್ಯಾಲ ಒಲ್ಲೆ ಅಂದ್ರ ಒಲ್ಲೆ. ಕೆಳಗ ಮಾತ್ರ ಬೆಣ್ಣಿಯಂಗ ಹೋಗ್ತಿತ್ತು. ಇಪ್ಪತ್ತೆಂಟು ವರ್ಷ ಅದನ್ನ ಮಾಡೈತಲ್ಲ, ಅಭ್ಯಾಸ.

ಮೂರು ತಿಂಗಳಿಗೆ ನಾಕ ದಿವಸ ಉಳದಿತ್ತು. ಮುಂಜಾನೆ ನಮ್ಮನಿಯವರು ಅಡಗಿಮನಿ ಬಾಗಲ ಹತ್ರ ಚಹಾ ಕುಡದು ಮೊಬೈಲ್ ನೋಡಕೋತ ಕುಂತಿದ್ರು. ನಾ ಮಗ್ಗಲದಾಗ ನಿಂತು ಲಟ್ಟಣಿಗಿ ಹೊರಳಿಸಾಕತ್ತಿದ್ದೆ. ಒಳಗ ಏನೋ ಬಿಟ್ಟಂಗಾತು. ನೋಡ್ತೀನಿ, ಅಂಗೈ ಮ್ಯಾಲ ತಿರಗೈತಿ. ಪೂರ್ತಿ. ಲಟ್ಟಣಿಗಿ ಕೆಳಗ ಇಟ್ಟು ಮತ್ತ ತಿರುಗಿಸಿದೆ, ಮತ್ತೂ ತಿರುಗ್ತು. ಮೂರು ತಿಂಗಳ ಮ್ಯಾಲ ನನ್ನ ಕೈಯಾಗಿನ ಗೆರಿ ನನಗ ಕಂಡ್ವು. ಕಣ್ಣು ತುಂಬಿ ಬಂದ್ವು. ಯಾರಿಗರ ತೋರಿಸ್ಬೇಕಲ್ಲ. ಆ ಅಂಗೈ ಹಂಗ ಅವರ ಮುಂದ ಹಿಡದು, "ರೀ, ಇಲ್ಲೆ ನೋಡ್ರಿ" ಅಂದೆ.

ಅವರು ಚಶ್ಮಾ ಮ್ಯಾಲಿಂದ ನೋಡಿದ್ರು. ಕೈ ನೋಡಿದ್ರು, ನನ್ನ ಮುಖ ನೋಡಿದ್ರು. ಈಗ ಹಿಡೀತಾರ ಈ ಕೈನ್ನ ಅನಕೊಂಡೆ, ಖರೇನ ಅನಕೊಂಡೆ. ಅವರು ಖಾಲಿ ಚಹಾದ ಕಪ್ ತಗದು ನನ್ನ ಅಂಗೈ ಮ್ಯಾಲ ಇಟ್ಟರು. ಇನ್ನರ್ಧ ಕಪ್ ಇದ್ರ ತಾ ಅಂತ ಹೇಳಿ ಮತ್ತ ಮೊಬೈಲ್ ನೋಡಿದ್ರು.

ಕೆಳಮುಖ ಆಗೂದು ಜಲ್ದಿ ಬರ್ತೈತಿ ಅಂತ ಡಾಕ್ಟರು ಮೊದಲ ಹೇಳಿದ್ರಲ್ಲ. ಜಲ್ದೀನ ಬಂತು. ಕಪ್ ಜ್ವಾಳದ ಚೀಲದ ಮಗ್ಗಲಕ್ಕ ಬಿದ್ದು ನಾಕು ಚೂರಾತು. ಹೌದು, ಚೀಲ ಇನ್ನೂ ಅಲ್ಲೇ ಇತ್ತು.

ಐದನೇ ದಿವಸ ಡಾಕ್ಟರ ಕಡೆ ಹೋದ್ವಿ. ಅಂಗೈ ಮ್ಯಾಲ ಮಾಡ್ರಿ ಅಂದ್ರು, ಮಾಡಿದೆ. ಶಾಬಾಸ್ ಅಂದ್ರು. ಇನ್ನ ಕೆಳಗ ಅನ್ನೂದರಾಗ ನಮ್ಮನಿಯವರು ತಮ್ಮ ಕುರ್ಚಿ ಹಿಂದಕ್ಕ ಸರಿಸಿಕೊಂಡು ನನಗಿಂತ ಮೊದಲ ಉತ್ತರಾ ಕೊಟ್ಟರು:

"ಕೆಳಗ ಪೂರ್ತಿ ಆಗ್ತೈತ್ರಿ ಸಾಹೇಬ್ರ. ನಾ ಕಪ್ ಇಟ್ಟು ನೋಡೀನಿ."