ಕೆಮ್ಮಿ ಓದತಕ್ಕ ಕಾದಂಬರಿ

ಪಠ್ಯವಾಗಿರುವ ಹಳೆಯ ಕಾದಂಬರಿಯಲ್ಲಿ ಧಣಿಯು ಅಂಬಿಗನನ್ನು ಮೈಬಣ್ಣ ಹಿಡಿದು ಜರೆಯುವ ಪದ ಬಂದಲ್ಲೆಲ್ಲ, ಓದುವವರು ಅದರ ಬದಲು ಒಮ್ಮೆ ಕೆಮ್ಮತಕ್ಕದ್ದೆಂದು ಶಿಕ್ಷಣ ಇಲಾಖೆ ಆದೇಶ ಹೊರಡಿಸಿತು. ಕೆಮ್ಮು ಸಹಜವಾಗಿರಬೇಕು, ಕಫ ಕಡ್ಡಾಯವಲ್ಲ.

ಸಾಹಿತ್ಯದ ಟೀಚರಮ್ಮನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಕೊನೇ ಬೆಂಚಿನ ಹುಡುಗಿಯನ್ನು ಮೈದಾನದಲ್ಲಿ ಉಳಿದವರು ಕರೆಯುತ್ತಿದ್ದುದೇ ಆ ಪದದಿಂದ. ಅಂಬಿಗ ನಡುಹೊಳೆಯಲ್ಲಿ ಹುಟ್ಟು ಕೆಳಗಿಟ್ಟು, ಹೆಸರು ಹಿಡಿದು ಕರೆಯುವ ತನಕ ದೋಣಿ ಅಲುಗದು ಎನ್ನುವ ಪುಟವನ್ನು ಅವಳ ಕಿವಿಗೆ ಹಾಕಬೇಕೆಂದು ಟೀಚರಮ್ಮ ವರ್ಷವಿಡೀ ಕಾದಿದ್ದರು.

"ಬೈಗುಳ ಏನಂತಲೇ ಗೊತ್ತಾಗದಿದ್ರೆ ಅವನ ಸಿಟ್ಟು ಹೇಗೆ ಗೊತ್ತಾಗತ್ತೆ ಸರ್?"

"ಸಿಟ್ಟಿನ ಬಗ್ಗೆ ಆದೇಶದಲ್ಲಿ ಏನೂ ಇಲ್ಲಮ್ಮ," ಎಂದರು ಹೆಡ್‌ಮಾಸ್ಟರು. "ನೀವು ಸುಮ್ಮನೆ ಕೆಮ್ಮಿಬಿಡಿ."

ಮೈದಾನದ ಬೈಗುಳದ ಮಾತೆತ್ತಿದಾಗ, ಮೈದಾನವು ದೈಹಿಕ ಶಿಕ್ಷಣದ ವ್ಯಾಪ್ತಿಗೆ ಬರುತ್ತದೆ, ಸಾಹಿತ್ಯದ ವ್ಯಾಪ್ತಿಗಲ್ಲ ಎಂದು ತಿಳಿಹೇಳಿದರು.

ಪಾಠ ನಡೆಯಿತು. ಧಣಿ ಕೆಮ್ಮಿದ, ಅಂಬಿಗ ಹುಟ್ಟು ಕೆಳಗಿಟ್ಟ. ಯಾಕೆಂದು ಕೇಳಿದರೆ ಮುಂದಿನ ಬೆಂಚಿನ ಜಾಣ, ಸೋಂಕು ತಗಲೀತೆಂಬ ಭಯಕ್ಕೆ ಎಂದ. ಇಲಾಖೆಯ ಮಾದರಿ ಉತ್ತರವೂ ಅದೇ ಇತ್ತು. ಟೀಚರಮ್ಮ ಹಲ್ಲು ಕಚ್ಚಿಕೊಂಡು ಪೂರ್ಣ ಅಂಕ ಕೊಟ್ಟರು. ಕೊನೇ ಬೆಂಚು ಮಾತ್ರ ಆ ಪುಟವನ್ನು ತಿರುಗಿಸದೆ ಕೂತಿತ್ತು.

ಮಕ್ಕಳು ಮೈದಾನದಲ್ಲಿ ಬೈಯುವುದನ್ನು ಬಿಟ್ಟರು. ಹುಡುಗಿ ಎದುರಾದಾಗಲೆಲ್ಲ ಕೆಮ್ಮತೊಡಗಿದರು. ಬೈಗುಳ ನಿರ್ಮೂಲವಾಯಿತೆಂದು ಇಲಾಖೆ ಪ್ರಕಟಿಸಿ, ಕಣ್ಣಾರೆ ಕಂಡು ಬರಲು ತಪಾಸಣಾಧಿಕಾರಿಯನ್ನು ಕಳಿಸಿತು. ಅವರಿಗೆ ನಿಜವಾಗಿಯೂ ನೆಗಡಿಯಾಗಿತ್ತು. ಪ್ರಶ್ನೆ ಕೇಳಲೆಂದು ಕೊನೇ ಬೆಂಚಿನ ಕಡೆ ಬೆರಳು ತೋರಿಸಿದ್ದೇ ತಡ, ಕೆಮ್ಮು ಬಂತು.

ಹುಡುಗಿ ಎದ್ದು ನಿಂತು, ಪೆನ್ನು ಕೆಳಗಿಟ್ಟು, ಕೈಕಟ್ಟಿದಳು.

"ಹೆಸರು ಹಿಡಿದು ಕರೀರಿ ಸರ್. ಆಮೇಲೆ ಉತ್ತರ ಹೇಳ್ತೀನಿ."

ತರಗತಿಯಲ್ಲಿ ಯಾರೂ ಕೆಮ್ಮಲಿಲ್ಲ. ಟೀಚರಮ್ಮ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗು ಕಾಣದಿರಲೆಂದು. ಅಧಿಕಾರಿ ಹಾಜರಿ ಪುಸ್ತಕ ತರಿಸಿ, ಕನ್ನಡಕ ಏರಿಸಿ, ಅವಳ ಹೆಸರನ್ನು ಸ್ಪಷ್ಟವಾಗಿ ಓದಿದರು.

ವಿದ್ಯಾರ್ಥಿಗಳಿಗೆ ಹೆಸರುಗಳಿರುವುದು ಕಂಡುಬಂದಿದೆಯೆಂದೂ, ಶಾಲೆಯಲ್ಲಿ ಕೆಮ್ಮು ವ್ಯಾಪಕವಾಗಿದೆಯೆಂದೂ ಅವರು ವರದಿ ಸಲ್ಲಿಸಿದರು. ಮೊದಲನೆಯದು ಪರಿಶೀಲನೆಯಲ್ಲಿದೆ. ಎರಡನೆಯದಕ್ಕೆ ಕೂಡಲೇ ಔಷಧಿ ಮಂಜೂರಾಯಿತು, ಬೇವಿಗಿಂತ ಕಹಿ. ಈಗ ಕಾದಂಬರಿ ತೆರೆಯುವ ಮುನ್ನ ಎಲ್ಲರೂ ಸಾಲಾಗಿ ನಿಂತು ಒಂದು ಚಮಚ ಕುಡಿಯುತ್ತಾರೆ, ಹೆಡ್‌ಮಾಸ್ಟರೂ ಸೇರಿ. ಹಂಚುವ ಕೆಲಸವನ್ನು ಟೀಚರಮ್ಮ ಕೊನೇ ಬೆಂಚಿನ ಹುಡುಗಿಗೆ ವಹಿಸಿದ್ದಾರೆ.

ಮೈದಾನದಲ್ಲಿ ಕೆಮ್ಮಿದವರಿಗೆ ಎರಡು ಚಮಚ.