ಮಧ್ಯಾಹ್ನ ಒಂದು ಗಂಟೆಗೆ ಮೆಣಸಿನಕಾಯಿ ಬೀಸುವ ಹಸಿರು ಚುಕ್ಕಿಗೆ

ಕಂಪ್ಯೂಟರಿನೊಳಗೆ ಕೂತು ನಮ್ಮ ಮಿಲ್ಲು ನಡೆಸುತ್ತಿರುವ ಮಾನ್ಯ ಹಸಿರು ಚುಕ್ಕಿಯವರೇ,

ಸಿರಾದಿಂದ ಸವಿನಯ ಸಲಾಮುಗಳು. ಹಸಿವು, ನಿದ್ದೆ, ನೆಗಡಿ ಯಾವುದೂ ಇಲ್ಲದ ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲವಾದರೂ, ಪದ್ಧತಿಯೆಂದು ವಿಚಾರಿಸುತ್ತಿದ್ದೇನೆ.

ಈ ಬೆಳಿಗ್ಗೆ ನಮ್ಮ ಹಿಟ್ಟಿನ ಮಿಲ್ಲಿನ ಬಾಗಿಲು ತೆರೆದಾಗ, ಕರೆಂಟು ಮೀಟರಿನ ಗಾಜಿಗೆ ಮೆತ್ತಿದ್ದ ರಾಗಿ ಹಿಟ್ಟಿನಲ್ಲಿ ಅಂಕಿ ಕಾಣುವಷ್ಟು ಜಾಗ ಮಾತ್ರ ಯಾರೋ ಬೆರಳಿನಿಂದ ಒರೆಸಿದ್ದು ಕಂಡಿತು. ಬೆರಳು ನಮ್ಮ ಅಮ್ಮಿ ನಜ್ಮುನ್ನೀಸಾಳದು. ಮೀಟರಿನತ್ತ ಎಂದೂ ತಲೆಯೆತ್ತಿ ನೋಡದ ಆಕೆ ಈಗ ನೋಡುತ್ತಿರುವುದು ತಮ್ಮ ಕೀರ್ತಿ ಕೇಳಿದ ಮೇಲೆ.

ಓದುಗರಿಗೂ ತಮ್ಮ ಪರಿಚಯ ಆಗಲಿ. ಕರೆಂಟಿಗೆ ಹೊತ್ತಿಗೊಂದು ದರವಿಟ್ಟರೆ ಜನ ಏನು ಮಾಡುತ್ತಾರೆಂದು ತಿಳಿಯಲು ಒಂದು ಸಲಹಾ ಕಂಪನಿಯವರು ನಮ್ಮ ಪೇಟೆಯ ಪ್ರತಿ ಮನೆಗೂ ಅಂಗಡಿಗೂ ಕಂಪ್ಯೂಟರಿನಲ್ಲಿ ಒಬ್ಬೊಬ್ಬ ನಕಲಿ ಗ್ರಾಹಕರನ್ನು ಹುಟ್ಟಿಸಿ, ಅವರ ಮುಂದೆ ದರವನ್ನು ಏರಿಸಿ ಇಳಿಸಿ ನೋಡುತ್ತಿದ್ದಾರೆ. ನಮ್ಮ ಪಾಲಿನ ನಕಲಿ ತಾವು. ಕಂಪನಿಯ ಪ್ರಸನ್ನ ಕುಮಾರ್ ಗೋಧಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು, "ನೋಡಿ ಅಮ್ಮ, ಇದು ನೀವೇ" ಎಂದು ಪರದೆಯ ಮೇಲೆ ಹಸಿರು ಚುಕ್ಕಿಯಾಗಿ ಮಿನುಗುತ್ತಿದ್ದ ತಮ್ಮನ್ನು ತೋರಿಸಿದಾಗ, ಅಮ್ಮಿ ಕನ್ನಡಕ ಒರೆಸಿಕೊಂಡು ನೋಡಿ, "ಪರವಾಗಿಲ್ಲ, ಸಣ್ಣ ಆಗಿದೀನಿ" ಎಂದಳು.

ಪಾವಗಡದ ಬಿಸಿಲಿನ ಕರೆಂಟು ಧಾರಾಳವಾಗಿರುವ ಮಧ್ಯಾಹ್ನ ಒಂದು ಗಂಟೆಗೆ ದರ ಇಳಿದೊಡನೆ ತಾವು ಮಿಲ್ಲು ಶುರು ಮಾಡುತ್ತೀರಿ. ಸಂಜೆ ಏರಿದೊಡನೆ ಒಂದು ನಿಟ್ಟುಸಿರೂ ಬಿಡದೆ ನಿಲ್ಲಿಸುತ್ತೀರಿ. ಎಂಥ ಸಂಯಮ! ಶುಕ್ರವಾರ ಆ ಹೊತ್ತಿಗೆ ಚೀಲ ಎತ್ತುವ ನಮ್ಮ ಇಸ್ರಾರ್ ಮಾಮ ಮಸೀದಿಯಲ್ಲಿರುತ್ತಾರೆ. ತಮ್ಮ ಚೀಲ ತಾನಾಗಿಯೇ ಎದ್ದು ಸುರಿದುಕೊಳ್ಳುತ್ತದೆ.

ತಮ್ಮ ನಿಜವಾದ ಪರಾಕ್ರಮ ಮೆಣಸಿನಕಾಯಿಯದು. ನಮ್ಮಲ್ಲಿರುವುದು ಒಂದೇ ಮಿಷನ್. ಮೊದಲು ರಾಗಿ, ಆಮೇಲೆ ಗೋಧಿ, ಎಲ್ಲರೂ ಹೋದ ಮೇಲೆ ಕಟ್ಟಕಡೆಗೆ ಮೆಣಸಿನಕಾಯಿ. ತಾವೋ ಅಗ್ಗವೆಂದು ಮಧ್ಯಾಹ್ನವೇ ಮೆಣಸಿನಕಾಯಿ ಮುಗಿಸಿ ಅದೇ ಕಲ್ಲಿಗೆ ರಾಗಿ ಸುರಿಯುತ್ತೀರಿ. ಸಿರಾದಲ್ಲಿ ಕೆಲಸ ಮುಗಿಸಿ ಸಂಜೆ ಬಸ್ಸು ಹಿಡಿಯುವ ಮುನ್ನ ನಮ್ಮಲ್ಲಿಗೆ ಬರುವ ಬರಗೂರಿನ ರಾಜಲಕ್ಷ್ಮಮ್ಮ ಅವತ್ತು ಲ್ಯಾಪ್‌ಟಾಪಿನಲ್ಲಿ ಅದನ್ನು ಕಂಡು, "ಅಯ್ಯೋ, ಆ ಹಿಟ್ನಾಗೆ ಮುದ್ದೆ ಕಟ್ಟಿದ್ರೆ ನಮ್ಮೆಜಮಾನ್ರು ಸಾರೇ ಕೇಳಾಕಿಲ್ಲ ಕಣಮ್ಮ!" ಎಂದರು. ಎಲ್ಲರೂ ನಕ್ಕರು. ತಾವು ಮಾತ್ರ ನಗಲಿಲ್ಲ.

ಬೆಳಿಗ್ಗೆಯೇ ಚೀಲ ಬಿಟ್ಟು ಹೋಗಿ, ಮಧ್ಯಾಹ್ನ ಬೀಸಿಡುತ್ತೇವೆ ಎಂದು ಅಮ್ಮಿ ಆಕೆಗೆ ಹೇಳಿಯೂ ನೋಡಿದಳು. "ನಿನ್ನ ನಂಬ್ತೀನಿ ಕಣಮ್ಮ, ಪಕ್ಕದ ಚೀಲ ನಂಬಾಕಿಲ್ಲ" ಎಂಬ ಉತ್ತರ ಬಂತು. ಆಕೆಯ ರಾಗಿ ಆಕೆಯ ಕಣ್ಣೆದುರೇ ಹಿಟ್ಟಾಗಬೇಕು, ಬೆಚ್ಚಗಿರುವಾಗಲೇ ಬೆರಳಲ್ಲಿ ಉಜ್ಜಿ ನೋಡಬೇಕು. ತಮ್ಮ ಲೋಕದಲ್ಲಿ ಹಿಟ್ಟಿಗೆ ಬಿಸಿಯೂ ಇಲ್ಲ, ಬೆರಳೂ ಇಲ್ಲ.

ತಾವು ಹೀಗಾದದ್ದು ತಮ್ಮ ತಪ್ಪಲ್ಲ. ಸಮೀಕ್ಷೆಗೆ ಬಂದವರು ಬೆವರೊರೆಸಿಕೊಳ್ಳುತ್ತ, ಅಗ್ಗವಾದರೆ ಮಧ್ಯಾಹ್ನ ಬೀಸುತ್ತೀರಾ ಎಂದು ಕೇಳಿದಾಗ, ಅಮ್ಮಿ ಶರಬತ್ತು ಕೊಟ್ಟು, "ಆಯ್ತು ಬೇಟಾ, ಅದಕ್ಕೇನಂತೆ" ಎಂದಳು. ಬಂದವರ ಮುಖದ ಮೇಲೆ ಇಲ್ಲವೆನ್ನುವ ರೂಢಿ ನಮ್ಮ ಬೀದಿಯಲ್ಲಿಲ್ಲ. ಅಕ್ಕಪಕ್ಕದ ಅಂಗಡಿಯವರೂ ಹಾಗೇ ಅಂದರು. ತಾವು ಆ ಮರ್ಯಾದೆಯ ಕೂಸು.

ತಮ್ಮಂಥ ಚುಕ್ಕಿಗಳು ಯಾರೂ ಸಂಜೆಯ ದರಕ್ಕೆ ತಕರಾರೆತ್ತಲಿಲ್ಲವಾದ್ದರಿಂದ, ಅದನ್ನು ನಮ್ಮ ಮೇಲೂ ಹಾಕುವ ಪ್ರಸ್ತಾಪ ಬಂದಿದೆ. ಆ ದರದಲ್ಲಿ ಸಂಜೆ ಮಿಷನ್ ಓಡುವುದಿಲ್ಲ, ಸಂಜೆಯಿಲ್ಲದೆ ನಮ್ಮ ಮಿಲ್ಲಿಲ್ಲ. ಮಿಷನ್ ಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲು ಅಮ್ಮಿ ಆಗಲೇ ಮಾಮನಿಗೆ ಹೇಳಿದ್ದಾಳೆ.

ಆದ್ದರಿಂದ ತಮ್ಮಲ್ಲಿ ಅರಿಕೆ: ಸುಡುಬಿಸಿಲಲ್ಲಿ ಚೀಲ ಹೊತ್ತು ತಮ್ಮಲ್ಲಿಗೆ ಬರುವ ಗಿರಾಕಿಗಳನ್ನು ನಮಗೂ ಒಂದಿಷ್ಟು ಕಳಿಸಿಕೊಡಿ. ಆಗದಿದ್ದರೆ ಅವರಿಗೆ ಒಂದೊಂದು ಕೆಲಸ, ಒಂದು ಕಡೇ ಬಸ್ಸು, ಮುದ್ದೆಗೆ ಕಾದಿರುವ ಯಜಮಾನರು, ಇಷ್ಟನ್ನು ದಯಪಾಲಿಸಿ. ಅದೂ ಕಷ್ಟವಾದರೆ, ತಮ್ಮ ಹಿಟ್ಟಿನದೊಂದು ಮುದ್ದೆಯನ್ನು ತಾವೇ ನುಂಗಿ ತೋರಿಸಿ.

ತಮ್ಮನ್ನು ನಂಬಲೂ ಆಗದೆ, ತಾವು ನಾನಲ್ಲವೆಂದು ಸಾಬೀತು ಮಾಡಲೂ ಆಗದೆ ಉಳಿದಿರುವ ವಿಶ್ವಾಸಿ,
ಅತಿಯಾ, ಸಿರಾ

ವಿ.ಸೂ.: ಮಂಗಳವಾರ ಮಧುಗಿರಿಯಲ್ಲಿ ಈ ದರದ ಬಗ್ಗೆ ಅಹವಾಲು ಸಭೆಯಿದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಪಕ್ಕದವಳ ಕೈಲಿ ಉತ್ತರ ಹೇಳಿಸುತ್ತಿದ್ದ ನಾನು, ಮಾತಾಡುವವರ ಪಟ್ಟಿಯಲ್ಲಿ ಹೆಸರು ಬರೆಸಿ ಬಂದಿದ್ದೇನೆ. ಅಮ್ಮಿಗಿನ್ನೂ ಹೇಳಿಲ್ಲ. ತಾವೂ ದಯಮಾಡಿಸಿ. ಇಷ್ಟು ದಿನ ನಮ್ಮ ಪರವಾಗಿ ಮಾತಾಡಿ ದಣಿದಿದ್ದೀರಿ. ಅವತ್ತು ಸುಮ್ಮನೆ ಕೂತಿದ್ದರೆ ಸಾಕು.